ಚಂದ್ರನ ಮೇಲೆ ದಾರಿ ತಪ್ಪಿದ ಡ್ರೈವರ್

ಕೊಜಿಮಾ ಪೇಟೆಯಿಂದ ಶಿಮೋತ್ಸುಯಿ ಬಂದರಿನವರೆಗೆ ಬಸ್ಸು ಓಡಿಸುತ್ತ ಓಡಿಸುತ್ತ ನಾನು ಮುದುಕನಾದೆ. ಆ ದಾರಿಯಲ್ಲಿ ನನಗೆ ಗೊತ್ತಿಲ್ಲದ ತಿರುವಿಲ್ಲ, ನನ್ನನ್ನು ನೋಡಿ ಬೊಗಳದ ನಾಯಿಯಿಲ್ಲ. ಮಂಜು ಕವಿದು ಕಡಲೆಲ್ಲಿ ಮುಗಿಯಿತು, ರಸ್ತೆಯೆಲ್ಲಿ ಶುರುವಾಯಿತು ಎಂದು ತಿಳಿಯದ ಬೆಳಗುಗಳಲ್ಲೂ ಮೀನಿನ ಬುಟ್ಟಿಯ ಹೆಂಗಸರನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸಿದ್ದೇನೆ. ಕುನಿತೋಮಿ ಯಸುಹಾರು ದಾರಿ ತಪ್ಪಿದನಂತೆ ಎಂಬ ಮಾತು ಕೆಲಸದಲ್ಲಿದ್ದಷ್ಟು ಕಾಲ ಯಾರ ಬಾಯಿಂದಲೂ ಬರಲಿಲ್ಲ. ನಾನು ದಾರಿ ತಪ್ಪಿದ್ದು ನಿವೃತ್ತನಾದ ಮೇಲೆ, ಅದೂ ಚಂದ್ರನ ಮೇಲೆ.

ಇದಕ್ಕೆ ಕಾರಣ ನನ್ನ ಹೆಂಡತಿ ಇಸೋಕೊ. ನನ್ನ ಎಡವಟ್ಟುಗಳಿಗೆಲ್ಲ ಅವಳೇ ಕಾರಣ ಎಂದು ನಾನು ಮದುವೆಯಾದಂದಿನಿಂದ ನಂಬಿಕೊಂಡು ಬಂದಿದ್ದೇನೆ, ಸಂಸಾರ ಸಾಗಿಸಲು ಇದರಿಂದ ಬಹಳ ಅನುಕೂಲ. ಬೀಳ್ಕೊಡುಗೆಗೆ ಏನು ಕೊಡೋಣ ಎಂದು ಡಿಪೋದವರು ಅವಳನ್ನು ಕೇಳಿದರಂತೆ. ಮೀನು ಹಿಡಿಯುವ ಗಾಳ ಎಂದು ಹೇಳಬಹುದಿತ್ತು. "ಕೆಂಪು ದೀಪದಲ್ಲಿ ನಿಂತಾಗ ಇವ್ರು ದೀಪ ನೋಡೋದು ಬಿಟ್ಟು ಚಂದ್ರನ್ನ ನೋಡ್ತಿರ್ತಾರೆ. ಹಿಂದಿನವ್ರು ಹಾರ್ನ್ ಹೊಡೆದ್ರೇನೇ ಎಚ್ಚರ ಆಗೋದು," ಎಂದು ಹೇಳಿಬಿಟ್ಟಳು. ಅವರು ಒಂದು ದುರ್ಬೀನು ತಂದುಕೊಟ್ಟರು. ಮೂರು ಕಾಲಿನ ಮೇಲೆ ನಿಲ್ಲುವ, ಉದ್ದ ಕೊಳವೆಯ, ತುದಿಯಲ್ಲಿ ಮೊಣಕೈಯಂತೆ ಮೇಲಕ್ಕೆ ಬಾಗಿದ ಪುಟ್ಟ ತುಂಡಿದ್ದ ದುರ್ಬೀನು. ಆ ಮೊಣಕೈ ಇದ್ದುದರಿಂದ ಆಕಾಶದ ಕಡೆಗೆ ಕತ್ತು ಎತ್ತಬೇಕಿರಲಿಲ್ಲ, ಸಾರಿನ ಬಟ್ಟಲು ನೋಡುವಂತೆ ತಲೆ ಬಗ್ಗಿಸಿ ಚಂದ್ರನನ್ನು ನೋಡಬಹುದಿತ್ತು. ಎಂಥ ಒಳ್ಳೆಯ ಉಪಾಯ ಎಂದು ಮೆಚ್ಚಿದೆ. ನನಗೆ ಮುಂದೆ ಕೈಕೊಟ್ಟದ್ದು ಅದೇ ಮೊಣಕೈ.

ಇಸೋಕೊ ಶಿಮೋತ್ಸುಯಿಯ ಆಕ್ಟೋಪಸ್ ಹಿಡಿಯುವವನ ಮಗಳು. ನಾನು ಹೊಸದಾಗಿ ಸ್ಟಿಯರಿಂಗ್ ಹಿಡಿದಾಗ ಅವಳು ನನ್ನ ಬಸ್ಸಿನ ಕಂಡಕ್ಟರ್. ಸೊಂಟಕ್ಕೆ ಚರ್ಮದ ಚೀಲ, ತಲೆಗೆ ಓರೆ ಟೋಪಿ, ಬಂದರಿನ ಗಾಳಿಯನ್ನೂ ಸೀಳುವ ಗಂಟಲು. ಬಸ್ಸು ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು ನಿಂತು, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗುತ್ತಿದ್ದಳು. ಆ ಕೂಗನ್ನು ನಂಬಿ ನಾನು ಕಣ್ಣುಮುಚ್ಚಿಕೊಂಡು ಬೇಕಾದರೂ ಹಿಂದಕ್ಕೆ ಹೋಗುತ್ತಿದ್ದೆ. ನಮ್ಮಿಬ್ಬರ ಪ್ರೀತಿ ಹುಟ್ಟಿದ್ದು ಹೀಗೆ, ಬೆನ್ನು ಹಾಕಿಕೊಂಡು.

ಮದುವೆಯಾದ ಕೆಲವೇ ವರ್ಷಗಳಲ್ಲಿ ಕಂಪನಿ ಬಸ್ಸುಗಳಿಗೆಲ್ಲ ದೊಡ್ಡ ದೊಡ್ಡ ಕನ್ನಡಿ ಹಾಕಿಸಿತು. ಕನ್ನಡಿ ಬಂದ ಮೇಲೆ ಕಂಡಕ್ಟರ್ ಯಾಕೆ ಎಂದಿತು. ಇಸೋಕೊ ಚೀಲ ಒಪ್ಪಿಸಿ ಪೇಟೆಯ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಸೇರಿದಳು. ನಾನು ಒಬ್ಬನೇ ಓಡಿಸಿದ ಮೊದಲ ದಿನ ಡಿಪೋದ ಗೇಟಿನ ಕಂಬಕ್ಕೆ ಬಸ್ಸಿನ ಹಿಂಭಾಗ ಒರೆಸಿ ಬಂದೆ. ಕನ್ನಡಿಯಲ್ಲಿ ಕಂಬ ಎಡಕ್ಕಿತ್ತೋ ಬಲಕ್ಕಿತ್ತೋ ಇವತ್ತಿಗೂ ನನಗೆ ಖಾತ್ರಿಯಿಲ್ಲ. "ಕನ್ನಡಿ ಹೋಲ್ಡಾನ್ ಅನ್ಲಿಲ್ವಾ ಡ್ರೈವರ್‌ಸಾನ್?" ಎಂದು ಅವಳು ಅನ್ನ ಬಡಿಸುತ್ತ ಕೇಳಿದಳು. ಅವತ್ತಿನಿಂದ ಮನೆಯಲ್ಲಿ ನನ್ನ ಹೆಸರೇ ಡ್ರೈವರ್‌ಸಾನ್, ಅಂದರೆ ಡ್ರೈವರ್ ಸಾಹೇಬರು.

ದುರ್ಬೀನು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಚಂದ್ರನನ್ನು ನೋಡುವುದಲ್ಲ, ನಕ್ಷೆ ಕೊಳ್ಳುವುದು. ಡ್ರೈವರ್ ಜಾತಿಯವನಿಗೆ ದಾರಿ ಗೊತ್ತಿಲ್ಲದ ಊರಿಗೆ ಗಾಡಿ ಬಿಡಲು ಮನಸ್ಸು ಬರುವುದಿಲ್ಲ. ಅಂಗಡಿಸಾಲಿನ ಹಳೆಪುಸ್ತಕದ ಮೊಂಡೆನ್-ಸಾನ್ ಊರಿನ ತಾರಾವೀಕ್ಷಕರ ಸಂಘದ ಹಿರಿಯ. ತನ್ನ ದುರ್ಬೀನಿನ ಕನ್ನಡಿಯನ್ನು ತಾನೇ ತಿಂಗಳುಗಟ್ಟಲೆ ಉಜ್ಜಿ ಮಾಡಿಕೊಂಡವನು, ಅದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಮಲಗದವನು. ಅವನ ಅಂಗಡಿಗೆ ಹೋಗಿ ಚಂದ್ರನ ನಕ್ಷೆ ಬೇಕು ಎಂದೆ. "ಯಾವುದು?" ಎಂದ. "ಚಂದ್ರ ಒಂದೇ ಇರೋದಲ್ವಾ?" ಎಂದೆ. ಅವನು ಕನ್ನಡಕ ಹಣೆಗೇರಿಸಿ, ನಿನ್ನಂಥವರಿಂದಲೇ ನನ್ನ ಅಂಗಡಿ ನಡೆಯುವುದು ಎಂಬಂತೆ ನನ್ನನ್ನು ನೋಡಿದ.

ನಾನು ಮೊದಲು ಆರಿಸಿದ್ದು ಗೋಡೆಗೆ ಹಾಕುವ ಅಗಲವಾದ ಚಿತ್ರ. ಹುಣ್ಣಿಮೆ ಚಂದ್ರನ ಫೋಟೊ, ದಪ್ಪ ಕಾಗದ, ಕಡಲು ಎಂದು ಕರೆಯುವ ಕಪ್ಪು ಕಲೆಗಳ ಹೆಸರೆಲ್ಲ ಚಂದದ ಅಕ್ಷರಗಳಲ್ಲಿ. ಮನೆಗೆ ತಂದು ಅರ್ಧಚಂದ್ರನಿಗೆ ದುರ್ಬೀನು ಹಿಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ದುರ್ಬೀನಿನಲ್ಲಿ ಬೆಳಕು ಕತ್ತಲೆ ಸೇರುವ ಗೆರೆಯುದ್ದಕ್ಕೂ ಕುಳಿಗಳು, ಬೆಟ್ಟಗಳು, ಅವುಗಳ ಉದ್ದುದ್ದ ನೆರಳು. ಫೋಟೊದಲ್ಲಿ ನೆರಳೇ ಇಲ್ಲ, ಎಲ್ಲ ಸಪಾಟು, ಕಲೆ ಬಿದ್ದ ತಟ್ಟೆ. ಹುಣ್ಣಿಮೆಯ ದಿನ ಚಂದ್ರನಿಗೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ನೆರಳು ಎಲ್ಲಿಂದ ಬರಬೇಕು? ಇದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ಚಿತ್ರವನ್ನು ಕಕ್ಕಸಿನ ಗೋಡೆಗೆ ಹಚ್ಚಿದೆ. ನಮ್ಮಲ್ಲಿ ಉಪಯೋಗಕ್ಕೆ ಬಾರದ ಭೂಪಟಗಳು ಸೇರುವುದು ಅಲ್ಲಿಗೇ.

ಆಮೇಲೆ ಕೊಂಡದ್ದು ಪರದೇಶದ ಅಟ್ಲಾಸು. ಚಂದ್ರನನ್ನು ಹೋಳು ಹೋಳು ಮಾಡಿ ಹಾಳೆಗೊಂದು ಹೋಳು ಬರೆದಿದ್ದರು. ಪ್ರತಿ ಕುಳಿಗೂ ನೆರಳು ತುಂಬಿದ ಚಿತ್ರ, ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಪುಸ್ತಕ ನಮ್ಮ ಉಪ್ಪಿನಕಾಯಿ ಭರಣಿಯ ಮೇಲಿಡುವ ಕಲ್ಲಿನಷ್ಟು ಭಾರ. ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುವುದು, ಹೊರಗಿಟ್ಟರೆ ಇಬ್ಬನಿಗೆ ಹಾಳೆ ಉಬ್ಬುವುದು. ಅದೂ ಹೋಗಲಿ, ಹಾಳೆಯಲ್ಲಿ ಎಡಕ್ಕಿದ್ದದ್ದು ದುರ್ಬೀನಿನಲ್ಲಿ ಬಲಕ್ಕೆ ಸಿಗುತ್ತಿತ್ತು. ಪುಸ್ತಕವನ್ನು ತಲೆಕೆಳಗು ಮಾಡಿದೆ, ಆಗ ಮೇಲಿದ್ದದ್ದು ಕೆಳಕ್ಕೆ ಹೋಯಿತು. ನಾನೇ ಪುಸ್ತಕದ ಆಚೆ ಹೋಗಿ ನಿಂತು ನೋಡಿದೆ. ಪಕ್ಕದ ಮನೆಯವರು ದೀಪ ಆರಿಸಿ ಕಿಟಕಿ ಸಂದಿಯಿಂದ ನನ್ನನ್ನು ನೋಡತೊಡಗಿದರು. ಪರದೇಶದವರು ತಪ್ಪು ಅಚ್ಚು ಹಾಕಿದ್ದಾರೆ ಎಂದು ತೀರ್ಮಾನಿಸಿದೆ.

ಮೊಂಡೆನ್-ಸಾನ್ ತನ್ನ ಸ್ವಂತದ ಹಳೆಯ ನಕ್ಷೆಯನ್ನು ಎರವಲು ಕೊಟ್ಟ. ಅದರಲ್ಲಿ ದಕ್ಷಿಣ ಮೇಲಿತ್ತು! ಅವನು ಉಜ್ಜಿದ ಕನ್ನಡಿಯ ದುರ್ಬೀನಿನಲ್ಲಿ ಚಂದ್ರ ತಲೆಕೆಳಗಾಗಿ ಕಾಣುತ್ತಾನಂತೆ, ಅವನಿಗೆ ಅದೇ ವೇದ. ನನಗೆ ಅದು ಇನ್ನೊಂದು ಗೊಂದಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂದಾದ ಮೇಲೊಂದು ನೆಲವನ್ನೇ ಕೊಳ್ಳುತ್ತ ಹೋದೆ.

ಹೀಗೆ ನನ್ನ ಪೆದ್ದುತನ ಯಾರಿಗೂ ಕೆಡುಕು ಮಾಡದೆ ಸಾಗುತ್ತಿದ್ದಾಗ ಇಸೋಕೊಳ ಕಣ್ಣು ಕೆಟ್ಟಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಸುತ್ತಲಿನ ನೋಟ ಸವೆದುಹೋಗಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ನಟ್ಟನಡುವೆ ಮಾತ್ರ ಒಂದು ತೂತಿನಷ್ಟು ಜಗತ್ತು ಉಳಿದಿತ್ತು. ಅದು ಎಷ್ಟು ದಿನ ಇರುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಏನು ಮಾತಾಡಬೇಕೆಂದು ತಿಳಿಯದೆ, ಡ್ರೈವರ್ ಬ್ರೇಕು ಜೋರಾಗಿ ಹಾಕುತ್ತಾನೆ ಎಂದು ಬೈಯುತ್ತ ಕೂತಿದ್ದೆ.

"ಡ್ರೈವರ್‌ಸಾನ್, ನಂಗೊಂದು ಒರಳು ತೋರಿಸ್ತೀರಾ?" ಎಂದಳು ಇಸೋಕೊ.

"ಯಾವ ಒರಳು?"

"ಚಂದ್ರನ ಮೇಲೆ ಮೊಲ ಅನ್ನ ಕುಟ್ಟಿ ಮೋಚಿ ಉಂಡೆ ಮಾಡುತ್ತಲ್ಲ, ಆ ಒರಳು. ಚಿಕ್ಕೋಳಿದ್ದಾಗ ಅಪ್ಪ ದೋಣಿ ಮೇಲೆ ಕೂರಿಸ್ಕೊಂಡು, ಅಗೋ ಕಿವಿ, ಅಗೋ ಮುಖ, ಅಗೋ ಒರಳು ಅಂತ ತೋರಿಸ್ತಿದ್ರು. ಮೊಲ ಕಾಣ್ತಿತ್ತು. ಒರಳು ಒಂದಿನಾನೂ ಕಾಣ್ಲಿಲ್ಲ. ಕಾಣ್ತಾ ಅಂತ ಅಪ್ಪ ಕೇಳಿದ್ರೆ, ಪಾಪ ದಿನವಿಡೀ ದುಡಿದು ಬಂದವ್ರು, ಕಂಡೆ ಕಂಡೆ ಅಂತಿದ್ದೆ. ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದಿದೀನಿ. ಈ ಕಣ್ಣು ಮುಚ್ಚೋಷ್ಟ್ರಲ್ಲಿ ಒಂದ್ಸಲ ನಿಜವಾಗಿ ನೋಡ್ಬೇಕು."

ಇಷ್ಟೇನಾ ಎಂದೆ. ಮನೆಯಲ್ಲಿ ಮೂರು ಮೂರು ನಕ್ಷೆ ಇಟ್ಟುಕೊಂಡ ಗಂಡಸು ಇನ್ನೇನು ಹೇಳುತ್ತಾನೆ? ಬರುವ ಹದಿನೈದನೇ ರಾತ್ರಿಯ ಚಂದ್ರನಲ್ಲೇ ತೋರಿಸುತ್ತೇನೆ, ಶರತ್ಕಾಲದ ತುಂಬುಚಂದ್ರ, ಅದಕ್ಕಿಂತ ಒಳ್ಳೆ ದಿನ ಬೇಕಾ ಎಂದು ಬಸ್ಸಿನವರೆಲ್ಲ ಕೇಳುವಂತೆ ಮಾತು ಕೊಟ್ಟೆ. ನೆರಳಿಲ್ಲದ ಹುಣ್ಣಿಮೆ ಚಂದ್ರ ಎಷ್ಟು ನಿಷ್ಪ್ರಯೋಜಕ ಎಂದು ನಮ್ಮ ಕಕ್ಕಸಿನ ಗೋಡೆಯೇ ದಿನಾ ಹೇಳುತ್ತಿದ್ದರೂ ನನ್ನ ತಲೆಗೆ ಹೋಗಲಿಲ್ಲ. ಚಂದ್ರನನ್ನು ನೋಡುವುದೆಂದರೆ ಹದಿನೈದನೇ ರಾತ್ರಿ. ನಮ್ಮಜ್ಜನೂ ಹಾಗೇ ಮಾಡಿದ್ದ, ಅವನಜ್ಜನೂ ಹಾಗೇ ಮಾಡಿದ್ದ. ಅವರ ಬಳಿ ದುರ್ಬೀನು ಇರಲಿಲ್ಲ ಎಂಬುದು ಮರೆತುಹೋಗಿತ್ತು.

ಆ ಸಂಜೆ ಜಗಲಿಯಲ್ಲಿ ಸುಸುಕಿ ಹುಲ್ಲಿನ ಗರಿ ಹೂದಾನಿಗಿಟ್ಟು, ಅಕ್ಕಿ ಉಂಡೆ ಪೇರಿಸಿ, ಬೇಯಿಸಿದ ಕೆಸುವಿನ ಗೆಡ್ಡೆ ಇಟ್ಟೆವು. ಚಂದ್ರ ಎದ್ದ. ಇಸೋಕೊಳನ್ನು ಸ್ಟೂಲಿನ ಮೇಲೆ ಕೂರಿಸಿ ನಾನು ಅಟ್ಲಾಸು ಬಿಡಿಸಿಕೊಂಡೆ. ಒರಳು ಎಂದರೆ ತೇವದ ಕಡಲು, ಚಂದ್ರನ ಎಡಗಡೆ ಕೆಳಗೆ, ಗುಂಡಗೆ ಒಂಟಿಯಾಗಿರುತ್ತದೆ ಎಂದು ಹಾಳೆ ಹೇಳುತ್ತಿತ್ತು. ದುರ್ಬೀನಿನ ತಿರುಪುಗಳನ್ನು ತಿರುಗಿಸಿ ಎಡಕ್ಕೆ ಕೆಳಕ್ಕೆ ಹೋದೆ. ಅಲ್ಲೊಂದು ಗುಂಡನೆಯ ಕಪ್ಪು ಕಲೆ ಸಿಕ್ಕಿಯೇಬಿಟ್ಟಿತು! ಕೈಯಲ್ಲಿದ್ದ ಕೆಸುವಿನ ಗೆಡ್ಡೆ ಜಾರಿ ಅಟ್ಲಾಸಿನ ಮೇಲೆ ಬಿದ್ದದ್ದನ್ನೂ ಲೆಕ್ಕಿಸದೆ ಕೂಗಿದೆ.

"ನೋಡು! ಒರಳು! ನೋಡು!"

ಅವಳು ಕಣ್ಣಿಟ್ಟಳು.

"ಕಾಣ್ತಾ?" ಎಂದೆ.

"ಕಂಡೆ, ಕಂಡೆ," ಎಂದಳು.

ನಾನು ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಬೆಳಗ್ಗೆಯೇ ಮೊಂಡೆನ್-ಸಾನನ ಅಂಗಡಿಗೆ ಹೋಗಿ ಬಡಾಯಿ ಕೊಚ್ಚಿದೆ. ಅವನು ಪುಸ್ತಕದ ಧೂಳು ಹೊಡೆಯುತ್ತಲೇ ಕೇಳಿದ.

"ನೀವು ತೋರಿಸಿದ ಒರಳು ಒಂಟಿಯಾಗಿತ್ತೋ, ಇಲ್ಲಾ ಮೇಲಿನ ದೊಡ್ಡ ಕಡಲಿಗೆ ಅಂಟಿಕೊಂಡು ಜೋತುಬಿದ್ದಿತ್ತೋ?"

"ಜೋತುಬಿದ್ದಿತ್ತು. ಚೆನ್ನಾಗಿ ಕಾಣ್ತಿತ್ತು."

"ಹಾಗಾದ್ರೆ ಅದು ಒರಳಲ್ಲ ಕುನಿತೋಮಿ-ಸಾನ್, ಮೊಲದ ಕಿವಿ. ದೇವರ ಸಾಕೆಯ ಕಡಲು ಅಂತಾರೆ. ಎಲ್ಲಾ ಬಿಟ್ಟು ನೇರ ಹೆಂಡದ ಕಡಲಿಗೇ ಹೋಗಿ ಬಿದ್ದಿದೀರಿ ನೋಡಿ, ಅಭ್ಯಾಸ ಬಲ!"

ನನಗೆ ನಗು ಬರಲಿಲ್ಲ. ಎಡಗಡೆ ಕೆಳಗೇ ಇತ್ತಲ್ಲ, ನಕ್ಷೆಯಲ್ಲಿದ್ದ ಹಾಗೇ ಹೋದೆನಲ್ಲ ಎಂದೆ.

"ನಿಮ್ಮ ದುರ್ಬೀನಿಗೆ ಮೊಣಕೈ ಇದೆಯಲ್ಲ, ಅದರೊಳಗೇನಿದೆ ಅಂತ ಯಾವತ್ತಾದ್ರೂ ನೋಡಿದೀರಾ? ಕನ್ನಡಿ ಇದೆ ರೀ. ಎಡ ಬಲ ಅದಲು ಬದಲು ಮಾಡುತ್ತೆ. ಒರಳಿರೋದು ನಕ್ಷೆಯಲ್ಲಿ ಎಡಕ್ಕೆ, ನಿಮ್ಮ ದುರ್ಬೀನಲ್ಲಿ ಬಲಕ್ಕೆ. ಜೀವಮಾನವಿಡೀ ಕನ್ನಡಿ ನೋಡ್ಕೊಂಡು ಬಸ್ಸು ಓಡಿಸಿದೋರಿಗೆ ನಾನು ಹೇಳ್ಕೊಡ್ಬೇಕಾ?"

ಡಿಪೋದ ಗೇಟಿನ ಕಂಬ ಕಣ್ಣಮುಂದೆ ಬಂತು. ಆ ಕಂಬಕ್ಕೂ ನನಗೂ ಇನ್ನೂ ಲೆಕ್ಕ ಮುಗಿದಿರಲಿಲ್ಲ.

ಮನೆಗೆ ಬಂದು ಇಸೋಕೊಗೆ ಹೇಳಿದೆ, ನಿನ್ನೆ ತೋರಿಸಿದ್ದು ಕಿವಿ ಎಂದು. ಅವಳು ಸೋಯಾಕಾಯಿ ಬಿಡಿಸುತ್ತಿದ್ದಳು. "ಪಾಪದ ಮೊಲ, ಕೈತಪ್ಪಿ ತನ್ನ ಕಿವಿಯನ್ನೇ ಕುಟ್ಟಿಕೊಂಡುಬಿಡ್ತಿತ್ತು," ಎಂದು ನಕ್ಕಳು. ಆಮೇಲೆ, ಕಾಯಿ ಬಿಡಿಸುವುದನ್ನು ನಿಲ್ಲಿಸದೆ, "ನಂಗೆ ಕಿವೀನೂ ಕಾಣ್ಲಿಲ್ಲ. ಬರೀ ಬೆಳ್ಳಗಿತ್ತು, ಕಣ್ಣು ಚುಚ್ತಿತ್ತು," ಎಂದಳು.

"ಮತ್ತೆ ಕಂಡೆ ಅಂದ್ಯಲ್ಲ?"

"ಅಪ್ಪನಿಗೂ ಹಾಗೇ ಅಂತಿದ್ದೆ."

ನನಗೆ ಅಳು ಬಂತು. ಗಂಡಸಾಗಿ ಅಳುವುದು ಹೇಗೆ ಎಂದು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಎದುರಿಗೆ ಗೋಡೆಯ ಮೇಲೆ ಹುಣ್ಣಿಮೆ ಚಂದ್ರ. ಅವಳ ಸುಳ್ಳಿಗಿಂತ ಆ ಸುಳ್ಳು ಹೇಳಬೇಕಾದ ಸ್ಥಿತಿಗೆ ಅವಳನ್ನು ತಂದ ನನ್ನ ಬಡಾಯಿ ಹೆಚ್ಚು ನೋಯಿಸಿತು.

"ಒಂದೇ ಚಂದ್ರ ನೋಡಿದ್ರೆ ಅಪಶಕುನ ಗೊತ್ತಲ್ಲ," ಎಂದು ಅವಳು ಹೊರಗಿನಿಂದಲೇ ಕೂಗಿದಳು. "ಹದಿನೈದನೇ ರಾತ್ರಿ ನೋಡಿದೋರು ಮುಂದಿನ ತಿಂಗಳ ಹದಿಮೂರನೇ ರಾತ್ರೀನೂ ಅದೇ ಜಾಗದಲ್ಲಿ ನೋಡ್ಬೇಕು. ಅವತ್ತು ತೋರಿಸಿ. ಈಗ ಹೊರಗೆ ಬನ್ನಿ, ನಂಗೂ ಹೋಗ್ಬೇಕು."

ಹದಿಮೂರನೇ ರಾತ್ರಿ ನಿಜಕ್ಕೂ ಒಳ್ಳೆಯದು ಎಂದ ಮೊಂಡೆನ್-ಸಾನ್. ಚಂದ್ರ ಅವತ್ತು ಇನ್ನೂ ತುಂಬಿರುವುದಿಲ್ಲ, ಒರಳಿರುವ ಅಂಚಿನ ಕಡೆ ಆಗಷ್ಟೇ ಬೆಳಗಾಗಿರುತ್ತದೆ, ಅಲ್ಲಿ ನೆರಳು ಸಿಗುತ್ತದೆ. ನನ್ನಂಥ ಮೊಣಕೈಯವರಿಗಾಗಿಯೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಅಚ್ಚು ಹಾಕಿದ ನಕ್ಷೆಯೂ ಉಂಟಂತೆ. ತರಿಸಿಕೊಡುತ್ತೇನೆ, ಆದರೆ ಹೊಸ ವರ್ಷ ಕಳೆದ ಮೇಲೆ ಬರುತ್ತದೆ ಎಂದ. ತರಿಸಿ ಎಂದೆ. ಆ ಕಣ್ಣು ಹೊಸ ವರ್ಷದವರೆಗೆ ಕಾಯುತ್ತದೆಯೇ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ತಿಂಗಳು ನಾನು ಮಾಡಿದ ಮಂಗಾಟ ಹೇಳಿ ಪೂರೈಸದು. ಮೊಣಕೈ ಕಿತ್ತು ನೋಡಿದೆ. ನೆಲಕ್ಕೆ ಮಂಡಿಯೂರಿ ನೀರು ಕುಡಿದ ಕೋಳಿಯಂತೆ ಕತ್ತೆತ್ತಬೇಕಾಯಿತು, ಎದ್ದೇಳಲು ಇಸೋಕೊ ಬಂದು ಕೈಕೊಡಬೇಕಾಯಿತು. ಡಿಪೋಗೆ ಹೋಗಿ ಗುಜರಿ ಬಸ್ಸಿನ ಕನ್ನಡಿ ಬೇಡಿ ತಂದು, ಅದರೆದುರು ಅಟ್ಲಾಸು ಹಿಡಿದು ಕನ್ನಡಿಯೊಳಗಿನ ನಕ್ಷೆಯನ್ನು ಓದಿದೆ. ಎಡ ಬಲ ಸರಿಹೋಯಿತು. ಆದರೆ ನಕ್ಷೆಯ ಪಕ್ಕದಲ್ಲಿ ನನ್ನ ಮುಖವೂ ಬಂತು. ಇಸೋಕೊ ಹತ್ತಿರ ಬಂದು, ಉಳಿದ ತೂತಿನಷ್ಟು ನೋಟದಿಂದ ಕನ್ನಡಿಯನ್ನು ಇಣುಕಿದಳು. "ಎರಡರಲ್ಲಿ ಚಂದ್ರ ಯಾವ್ದು? ಜಾಸ್ತಿ ಕುಳಿ ಬಿದ್ದಿರೋದಾ?" ಎಂದಳು.

"ತಮಾಷೆ ಸಾಕು. ಈಗ ದಾರಿ ಸಿಕ್ತು. ಕನ್ನಡೀಲಿ ನಕ್ಷೆ ನೋಡೋದು, ದುರ್ಬೀನಲ್ಲಿ ಚಂದ್ರನ್ನ ನೋಡೋದು, ಅಷ್ಟೆ."

"ಯಾರು ನೋಡೋದು?"

"ನಾನು."

"ಒರಳು ನೋಡ್ಬೇಕಾಗಿರೋಳು ನಾನು. ನಂಗೆ ಕಾಣೋದು ಒಂದ್ಸಲಕ್ಕೆ ಇಷ್ಟೇ ಇಷ್ಟು. ನಾನೆಲ್ಲಿದೀನಿ ಅಂತ ನಂಗೆ ಗೊತ್ತಾಗ್ಬೇಡ್ವಾ? ದುರ್ಬೀನಿಂದ ಕಣ್ಣು ತೆಗೆದು ನಿಮ್ಮ ನಕ್ಷೆ ನೋಡೋಕೆ ದೀಪ ಬೇಕು, ದೀಪ ನೋಡಿದ್ರೆ ಮತ್ತೆ ಕಣ್ಣು ಕತ್ತಲೆ. ಇಷ್ಟೆಲ್ಲಾ ನಕ್ಷೆ ತಂದ್ರಲ್ಲ ಡ್ರೈವರ್‌ಸಾನ್, ಒಂದಾದ್ರೂ ನಂಗೋಸ್ಕರ ತಂದ್ರಾ?"

ಬಸ್ಸಿನಲ್ಲಿ ಮಾತು ಕೊಟ್ಟಂದಿನಿಂದ ನಾನು ಆರಿಸುತ್ತಿದ್ದದ್ದು ಕಣ್ಣು ಸರಿಯಿರುವ ನನ್ನಂಥ ಮೂರ್ಖನಿಗೆ ಬೇಕಾದ ನಕ್ಷೆಗಳನ್ನೇ.

ಅವಳು ಹೊಲಿಗೆ ಡಬ್ಬಿ ತಂದಳು. ಕಾರ್ಖಾನೆಯಲ್ಲಿ ಅಳತೆಯ ಗೆರೆಯನ್ನು ಕಾಗದದಿಂದ ಬಟ್ಟೆಗೆ ಇಳಿಸಲು ಬಳಸುತ್ತಿದ್ದ ಹಲ್ಲಿನ ಪುಟ್ಟ ಚಕ್ರ ಅದರಲ್ಲಿತ್ತು. ಹಿಡಿ ಹಿಡಿದು ಉರುಳಿಸಿದರೆ ಹಾದಿಯುದ್ದಕ್ಕೂ ಸಣ್ಣ ಸಣ್ಣ ತೂತು ಬೀಳುತ್ತ ಹೋಗುತ್ತದೆ. "ಕಕ್ಕಸಿನ ಚಂದ್ರನ್ನ ಕಿತ್ಕೊಂಡು ಬನ್ನಿ," ಎಂದಳು.

"ಅದಾ? ಅದ್ರಲ್ಲಿ ಒಂದು ಕುಳೀನೂ ನೆಟ್ಟಗಿಲ್ಲ. ಕಡಲುಗಳ ಕಲೆ ಬಿಟ್ರೆ ಏನೂ ಇಲ್ಲ."

"ನಂಗೆ ಕಲೆ ಸಾಕು. ಮೊಲ ಇರೋದೇ ಕಲೇಲಿ."

ಹಳೆಯ ಜೀನ್ಸ್ ಬಟ್ಟೆಯನ್ನು ಮಡಿಸಿ ಹಾಸಿ ಅದರ ಮೇಲೆ ಚಿತ್ರ ಹರಡಿದೆವು. ಕಡಲುಗಳ ಅಂಚು ಅವಳಿಗೆ ಕಾಣುವಂತೆ ನಾನು ದಪ್ಪ ಮಸಿಯಲ್ಲಿ ತಿದ್ದಿದೆ. ಅವಳು ಮೂಗು ತಾಗುವಷ್ಟು ಬಗ್ಗಿ ಮಸಿಯ ಮೇಲೆ ಚಕ್ರ ಉರುಳಿಸುತ್ತ ಹೋದಳು. ಕಾರ್ಖಾನೆಯಲ್ಲಿ ಅವಳು ಕೆಲಸ ಮಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ತಿರುವುಗಳಲ್ಲಿ ಕೈ ಒಮ್ಮೆಯೂ ತಡವರಿಸಲಿಲ್ಲ. ಕಿವಿ ಆಯಿತು, ಮುಖ ಆಯಿತು, ಮೈ ಆಯಿತು, ಕೊನೆಗೆ ಒರಳೂ ಆಯಿತು. ಮುಗಿದ ಮೇಲೆ ಚಿತ್ರವನ್ನು ಮಗುಚಿ ಹಾಕಿ ಬೆನ್ನ ಮೇಲೆ ಬೆರಳಾಡಿಸಿದಳು. ತೂತುಗಳ ಅಂಚು ಉಬ್ಬಿದ್ದು ಆ ಬದಿಗೆ.

"ಅಯ್ಯೋ!" ಎಂದು ನಾನು ತಲೆ ಚಚ್ಚಿಕೊಂಡೆ. "ತಿರುಗಾಮುರುಗಾ ಆಗೋಯ್ತು! ಮಗುಚಿದ್ರೆ ಎಡದ್ದು ಬಲಕ್ಕೆ ಬರುತ್ತೆ! ಇಷ್ಟು ಕಷ್ಟಪಟ್ಟಿದ್ದೆಲ್ಲಾ ನೀರಲ್ಲಿ ಹೋಮ!"

"ಹೌದಾ?" ಎಂದಳು ಇಸೋಕೊ, ಬೆರಳಾಡಿಸುವುದನ್ನು ನಿಲ್ಲಿಸದೆ. "ನಮ್ಮಲ್ಲಿ ಪ್ಯಾಂಟಿನ ಒಂದು ಕಾಲಿನ ಅಳತೆ ಮಗುಚಿದ್ರೆ ಇನ್ನೊಂದು ಕಾಲು. ಯಾರೂ ಅಯ್ಯೋ ಅನ್ನಲ್ಲ."

ನಾನು ಆ ರಾತ್ರಿ ಚಿಂತೆಯಲ್ಲೇ ಮಲಗಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನ ಕಥೆ ಎಲ್ಲರಿಗೂ ಗೊತ್ತು. ಆದರೆ ಕೂಸೇ ಸಿಕ್ಕಿದ ಮೇಲೂ ಇದು ನನ್ನದಲ್ಲ ಎಂದು ಗೋಳಾಡಿದವನು ಬಹುಶಃ ನಾನೊಬ್ಬನೇ.

ಹದಿಮೂರನೇ ರಾತ್ರಿಯ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಇಸೋಕೊ ಬೇಯಿಸಿದ ಚೆಸ್ಟ್‌ನಟ್ಟು, ಸೋಯಾಕಾಯಿ ಜಗಲಿಗೆ ತಂದಿಟ್ಟಳು. ಒಂದು ಬದಿ ತುಸು ಸವೆದ ಚಂದ್ರ ಪಕ್ಕದ ಮನೆಯ ಹೆಂಚಿನ ಮೇಲೆ ಬಂದ. ಅವಳು ಅದೇ ಸ್ಟೂಲಿನ ಮೇಲೆ ಕೂತು, ತೂತಿನ ಚಂದ್ರನನ್ನು ಬೆನ್ನು ಮೇಲಾಗಿ ತೊಡೆಯ ಮೇಲಿಟ್ಟುಕೊಂಡು, ಕಣ್ಣನ್ನು ದುರ್ಬೀನಿಗಿಟ್ಟಳು. ನಾನು ತಿರುಪು ಹಿಡಿದು ಪಕ್ಕದಲ್ಲಿ ನಿಂತೆ.

"ಅಂಚಲ್ಲಿ ಒಂಟಿ ಕಲೆ ಒಂದಿದೆ. ಮೊಟ್ಟೆ ಥರ. ಇದೇನು?"

"ಆಪತ್ತಿನ ಕಡಲು."

"ಅದು ನಿಮ್ಮ ಡಿಪೋ ಅಂದ್ಕೊಳ್ಳಿ. ಅಲ್ಲಿಂದ ಹೊರಡೋಣ." ಅವಳ ಬೆರಳು ಕಾಗದದ ಮೇಲೆ ಅದೇ ಮೊಟ್ಟೆಯನ್ನು ಹುಡುಕಿ ಹಿಡಿಯಿತು. ಕಾಗದವನ್ನು ತೊಡೆಯ ಮೇಲೆ ಸ್ಟಿಯರಿಂಗಿನಂತೆ ಕೊಂಚ ತಿರುಗಿಸಿದಳು. "ಹಾಂ, ಈಗ ಸರಿಹೋಯ್ತು. ಬಲಕ್ಕೆ ಬಿಡಿ."

"ಎಡಕ್ಕೆ," ಎಂದೆ.

"ಬಲಕ್ಕೆ."

"ಇಸೋಕೊ, ನಿನ್ನ ಕಾಗದ ಮಗುಚಿದೆ. ನಾನು ಹೇಳೋದು ಕೇಳು..."

"ಡ್ರೈವರ್‌ಸಾನ್! ಹಿಂದಿರೋ ಕಂಡಕ್ಟರ್‌ಗೆ ಕಾಣೋದು ಮುಂದಿರೋ ನಿಮಗೆ ಕಾಣುತ್ತಾ? ಬಲಕ್ಕೆ ಅಂದ್ರೆ ಬಲಕ್ಕೆ. ರೈಟ್!"

ಆ ಗಂಟಲನ್ನು ಕೇಳಿ ಎಷ್ಟು ವರ್ಷವಾಗಿತ್ತೋ! ತಲೆ ಯೋಚಿಸುವ ಮೊದಲೇ ನನ್ನ ಕೈ ತಿರುಪನ್ನು ಬಲಕ್ಕೆ ತಿರುಗಿಸಿತು.

"ಮುಖ ಬಂತು... ಬರ್ಲಿ... ಕೆಳಗೆ ನಿಮ್ಮ ಸಾಕೆ ಅಂಗಡಿ ಇದೆ, ಅಲ್ಲಿ ನಿಲ್ಲಿಸ್ಬೇಡಿ... ಬರ್ಲಿ... ಈಗ ಸ್ವಲ್ಪ ಕೆಳಕ್ಕೆ... ಮೋಡದ ಕಡಲು... ಬರ್ಲಿ, ಬರ್ಲಿ..."

ಅವಳ ಕಣ್ಣು ದುರ್ಬೀನು ಬಿಟ್ಟು ಕದಲಲಿಲ್ಲ. ಬೆರಳು ಮಾತ್ರ ಕತ್ತಲಲ್ಲಿ ತೂತಿನಿಂದ ತೂತಿಗೆ ಮುಂದೆ ಮುಂದೆ ಹೋಗುತ್ತಿತ್ತು. ಆಗ ನನಗೆ ಬೆಳಕು ಹರಿಯಿತು. ಕನ್ನಡಿ ಮಗುಚಿದ ಚಂದ್ರನಿಗೆ ಮಗುಚಿದ ನಕ್ಷೆಯೇ ಬೇಕಿತ್ತು! ಮೊಂಡೆನ್-ಸಾನ್ ಪರದೇಶದಿಂದ ತರಿಸಬೇಕೆಂದ ನಕ್ಷೆಯನ್ನೇ ಇವಳು ಹಳೇ ಪ್ಯಾಂಟಿನ ಮೇಲೆ ಮಾಡಿಕೊಂಡಿದ್ದಳು, ಅದನ್ನು ನೋಡಿ ನಾನು ಅಯ್ಯೋ ಎಂದಿದ್ದೆ.

"ಹೋಲ್ಡಾನ್!"

ನಿಲ್ಲಿಸಿದೆ. ಉಸಿರನ್ನೂ ನಿಲ್ಲಿಸಿದೆ.

ಕಾಣ್ತಾ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಕೇಳಿದರೆ ಕಂಡೆ ಕಂಡೆ ಎಂದುಬಿಡುತ್ತಾಳೆ, ಆ ಮಾತನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗಿರಲಿಲ್ಲ. ಸೋಯಾಕಾಯಿಯ ಬಟ್ಟಲಿನಿಂದ ಹಬೆ ಏಳುವುದು ನಿಂತಿತು. ಅವಳು ಕದಲಲಿಲ್ಲ.

"ಒಡೆದಿದೆ," ಎಂದಳು ಕೊನೆಗೆ.

"ಏನು?"

"ಒರಳಿನ ಬಾಯಿ. ಮೇಲ್ಗಡೆ ಅಂಚು ಒಂದು ಕಡೆ ಒಡೆದು, ಅಲ್ಲೊಂದು ಬಳೆ ಸಿಕ್ಕಿಹಾಕಿಕೊಂಡಿದೆ. ಬಳೆಯೊಳಗೆ ಸಣ್ಣ ಸಣ್ಣ ಕಾಳಿನ ಹಾಗೆ ಏನೋ ಇದೆ. ಅಪ್ಪ ಇದನ್ನ ಹೇಳೇ ಇರ್ಲಿಲ್ಲ. ಅಪ್ಪನಿಗೂ ಕಂಡಿರ್ಲಿಲ್ಲ ಅನ್ಸುತ್ತೆ. ನನ್ನ ಹಾಗೇ, ಕಂಡೆ ಕಂಡೆ ಅಂತಿದ್ರು."

ಅವಳನ್ನು ಸರಿಸಿ ನಾನು ಕಣ್ಣಿಟ್ಟೆ. ಒಂಟಿಯಾದ ಗುಂಡು ಕಡಲು, ಅದರ ಮೇಲಂಚಿಗೆ ಸಿಕ್ಕಿಕೊಂಡ ಬಳೆಯಂಥ ಕುಳಿ, ಕುಳಿಯೊಳಗೆ ಪುಟ್ಟ ಬೆಟ್ಟಗಳು, ಅವುಗಳ ನೆರಳು. ಕಕ್ಕಸಿನ ಚಿತ್ರದಲ್ಲಿ ಅಲ್ಲಿ ಏನೂ ಇರಲಿಲ್ಲ, ನಾನು ತಿದ್ದಿದ ಮಸಿಯಲ್ಲೂ ಇರಲಿಲ್ಲ, ಅವಳ ತೂತುಗಳಲ್ಲೂ ಇರಲಿಲ್ಲ. ಅದನ್ನು ಅವಳು ಚಂದ್ರನಲ್ಲೇ ನೋಡಿದ್ದಳು. ನನಗೆ ಸಂತೋಷ ತಡೆಯಲಾಗಲಿಲ್ಲ. ಕುಣಿಯುವಂತಾಗಿ, ದುರ್ಬೀನಿನ ಒಂದು ಕಾಲಿಗೆ ಒದ್ದು, ಚಂದ್ರನನ್ನೇ ಕಳೆದುಕೊಂಡೆ.

"ಕಂಬಕ್ಕೆ ಒರೆಸಿದ್ರಾ?" ಎಂದಳು ಇಸೋಕೊ, ಕಣ್ಣೊರೆಸಿಕೊಳ್ಳುತ್ತ. "ಬನ್ನಿ, ಡಿಪೋದಿಂದ ಮತ್ತೆ ಹೊರಡೋಣ."

ಹೊಸ ವರ್ಷ ಕಳೆದ ಮೇಲೆ ಪರದೇಶದ ನಕ್ಷೆ ಬಂತು. ಬಹಳ ಚೆನ್ನಾಗಿದೆ, ಎಡ ಬಲ ಎಲ್ಲ ಸರಿಯಿದೆ, ಈಗ ಕಕ್ಕಸಿನ ಗೋಡೆಯ ಮೇಲಿದೆ. ಅಷ್ಟರಲ್ಲಿ ಇಸೋಕೊಳ ಕಣ್ಣಿನ ಕೊನೆಯ ತೂತೂ ಮುಚ್ಚಿತ್ತು. ಚಂದ್ರ ಇರುವ ಸಂಜೆಗಳಲ್ಲಿ ನಾವು ಈಗಲೂ ಜಗಲಿಯಲ್ಲಿ ಕೂರುತ್ತೇವೆ. ದುರ್ಬೀನಿಗೆ ಕಣ್ಣಿಡುವವನು ನಾನು, ತೂತಿನ ಚಂದ್ರ ತೊಡೆಯ ಮೇಲಿಟ್ಟುಕೊಂಡು ನಿಲ್ದಾಣ ಕೂಗುವವಳು ಅವಳು. ನಾನು ಕಂಡದ್ದನ್ನು ಹೇಳಿದರೆ ಅವಳು ಕಾಗದದಲ್ಲಿ ಆ ಜಾಗ ಹುಡುಕಿ, ಹೊಸದಾಗಿ ಒಂದು ತೂತು ಹಾಕಿಕೊಳ್ಳುತ್ತಾಳೆ. ಅವಳು ಹೋಲ್ಡಾನ್ ಅನ್ನುವವರೆಗೆ ನಾನು ತಿರುಪು ತಿರುಗಿಸುತ್ತಲೇ ಇರುತ್ತೇನೆ. ಕನ್ನಡಿ ಬಂದ ಮೇಲೆ ಕಂಡಕ್ಟರ್ ಯಾಕೆ ಎಂದ ಕಂಪನಿಯವರು ಒಂದು ಸಂಜೆ ನಮ್ಮ ಮನೆಗೆ ಬಂದು ನೋಡಬೇಕು.